ಬಾಲ್ಕನಿಗೆ ಬಂದ ವಾಟರ್‌ಕ್ರೆಸ್ ಕಿಟ್: ಬೀಜ ಅಪ್ಪಟ, ಸೂಚನಾಪತ್ರ ಪರದೇಶದ್ದು

ವಾಟರ್‌ಕ್ರೆಸ್ ಎಂದರೆ ನೀರಿನಲ್ಲಿ ಬೆಳೆಯುವ, ಹಸಿಯಾಗಿ ತಿನ್ನುವ ಒಂದು ಸೊಪ್ಪು. ಆನ್‌ಲೈನ್‌ನಲ್ಲಿ 600 ರೂಪಾಯಿಗೆ ದೊರೆಯುವ ಇದರ ಕಿಟ್‌ನಲ್ಲಿ ತೂತಿಲ್ಲದ ಪ್ಲಾಸ್ಟಿಕ್ ತೊಟ್ಟಿ, ಅದರೊಳಗೆ ಕೂರುವ ತೂತಿನ ಟ್ರೇ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ, ಬೀಜದ ಪೊಟ್ಟಣ ಹಾಗೂ ಸೂಚನಾಪತ್ರ ಇರುತ್ತವೆ.

ಮೊದಲು ಬೀಜದ ವಿಷಯ. ವಾಟರ್‌ಕ್ರೆಸ್ ಎಂಬ ಹೆಸರಿನಲ್ಲಿ ಬಾಣಂತಿಯರ ಉಂಡೆಗೆ ಹಾಕುವ ಅಳವಿ ಬೀಜವನ್ನೇ ಕೊಡುವ ಮಾರಾಟಗಾರರೂ ಇರುವುದರಿಂದ, ಬಿತ್ತುವ ಮೊದಲು ನಾಲ್ಕು ಕಾಳನ್ನು ನೀರಿನಲ್ಲಿ ಹಾಕಿ ನೋಡುವುದು ಒಳ್ಳೆಯದು. ಅಳವಿ ಉದ್ದನೆಯ ಕೆಂಗಂದು ಕಾಳು. ನೆನೆದ ಸ್ವಲ್ಪ ಹೊತ್ತಿಗೇ ಅದರ ಸುತ್ತ ದಪ್ಪ ಲೋಳೆ ಕಟ್ಟುತ್ತದೆ. ಈ ಪೊಟ್ಟಣದಲ್ಲಿದ್ದದ್ದು ರಾಗಿಗಿಂತ ಸಣ್ಣ ಕಾಳು, ಅಂಥ ಲೋಳೆಯೂ ಕಾಣಲಿಲ್ಲ. ಒದ್ದೆ ಕೋಕೋಪೀಟ್‌ನ ಮೇಲೆ ಉದುರಿಸಿ, ಮಣ್ಣು ಮುಚ್ಚದೆ ಬಿಟ್ಟಾಗ ಮೊಳಕೆಯೂ ಒತ್ತಾಗಿಯೇ ಬಂತು.

ಸೂಚನಾಪತ್ರದ ಬಗ್ಗೆ ಇದೇ ಮಾತು ಹೇಳಲಾಗದು. ಮಾರ್ಚ್‌ನಲ್ಲಿ ಬಿತ್ತಿ ದಿನವಿಡೀ ಬಿಸಿಲು ಬೀಳುವ ಕಡೆ ಇಡಿ ಎಂಬ ಸಲಹೆ, 1808ರಲ್ಲಿ ಕೆಂಟ್ ಪ್ರಾಂತ್ಯದಲ್ಲಿ ವಿಲಿಯಂ ಬ್ರಾಡ್ಬರಿ ಈ ಸೊಪ್ಪಿನ ವಾಣಿಜ್ಯ ಕೃಷಿ ಆರಂಭಿಸಿದ ಇಂಗ್ಲೆಂಡಿಗೆ ಹೊಂದೀತು. ಬೆಂಗಳೂರಿನ ಮಾರ್ಚ್ ಬಿಸಿಲಿಗೆ ಗಿಡ ಬೇಗ ಹೂಬಿಟ್ಟು ಎಲೆ ಕಹಿಯಾಗುತ್ತದೆ. ನಮ್ಮಲ್ಲಿ ನವೆಂಬರ್‌ನಲ್ಲಿ ಬಿತ್ತಿ, ಬೆಳಗಿನ ಎಳೆಬಿಸಿಲು ಮಾತ್ರ ಬೀಳುವ ಜಾಗದಲ್ಲಿ ಇಡುವುದೇ ಸರಿ. ಬೋರ್‌ವೆಲ್‌ನ ಗಡಸು ನೀರಿಗೆ ಮಾತ್ರ ಹೆದರಬೇಕಿಲ್ಲ: ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಈ ಬೆಳೆ ಬರುವುದೇ ಸುಣ್ಣದ ಅಂಶ ಹೆಚ್ಚಿರುವ ಒರತೆಗಳ ನೀರಿನಲ್ಲಿ.

ಅದಕ್ಕಿಂತ ದೊಡ್ಡ ಲೋಪವೆಂದರೆ, ತೊಟ್ಟಿಯಲ್ಲಿ ಸದಾ ನೀರು ನಿಲ್ಲಿಸಲು ಹೇಳುವ ಈ ಪತ್ರದಲ್ಲಿ ಸೊಳ್ಳೆಯ ಮಾತೇ ಇಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ ನೀರಿನ ಅಂಚಿಗೆ, ತೊಟ್ಟಿಯ ಒಳಗೋಡೆಯ ಮೇಲೆ. ಎರಡು ದಿನಕ್ಕೊಮ್ಮೆ ತೊಟ್ಟಿಯನ್ನು ಪೂರ್ತಿ ಬರಿದುಮಾಡಿ, ಒಳಗೋಡೆಯನ್ನು ಉಜ್ಜಿ ತೊಳೆದು ಹೊಸ ನೀರು ತುಂಬಿದರೆ ಸೊಳ್ಳೆಯ ಕಾಟವೂ ಇಲ್ಲ, ಬೇರು ಕೊಳೆತ ವಾಸನೆಯೂ ಇಲ್ಲ. ಅಂಗಳದಲ್ಲಿ ಕೊಳವಿದ್ದವರು ಗಪ್ಪಿ ಮೀನು ಬಿಟ್ಟರಾಯಿತು. ದನ, ಕುರಿ ಇಳಿಯುವ ಕೆರೆ ಹೊಂಡಗಳಲ್ಲಿ ಬೆಳೆದದ್ದನ್ನು ಹಸಿಯಾಗಿ ತಿನ್ನಲೇಬಾರದು. ಯಕೃತ್ತಿಗೆ ತಗಲುವ ಚಪ್ಪಟೆ ಹುಳುವಿನ ಮರಿಗಳು ಎಲೆಗೆ ಅಂಟಿಕೊಂಡಿರಬಹುದು. ಹಸಿಯಾಗಿ ತಿನ್ನುವ ಸೊಪ್ಪಿನ ಕಿಟ್ ಮಾರುವವರು ಇದನ್ನಾದರೂ ಮುದ್ರಿಸಬೇಕಿತ್ತು.

ರುಚಿ ಚೆನ್ನಾಗಿದೆ. ಸಾಸಿವೆಯ ಬಂಧುವಾದ ಈ ಸೊಪ್ಪಿನ ಘಾಟು ಹುಟ್ಟುವುದು ಎಲೆಯನ್ನು ಅಗಿದಾಗ. ಬೇಯಿಸಿದರೆ ಅದು ಬಹುಪಾಲು ಇಳಿದುಹೋಗುವುದರಿಂದ, ಹೆಸರುಬೇಳೆ ಕೋಸಂಬರಿಗೆ ಕೊನೆಯಲ್ಲಿ ಹೆಚ್ಚಿ ಹಾಕಬೇಕು.

ಇಷ್ಟಾದರೂ ಇಡೀ ಕಿಟ್ ಕೊಳ್ಳಿರೆಂದು ಶಿಫಾರಸು ಮಾಡಲಾರೆ. ಇದೇ ಮಾರಾಟಗಾರರು ಬೀಜವನ್ನು ಬಿಡಿಯಾಗಿಯೂ ಕೊಡುತ್ತಾರೆ, ತೊಟ್ಟಿಯ ಕೆಲಸಕ್ಕೆ ಮನೆಯ ಹಳೆಯ ಟಬ್ ಸಾಕು. ತರಕಾರಿ ಅಂಗಡಿಯಲ್ಲಿ ತಾಜಾ ಕಟ್ಟು ಸಿಕ್ಕರೆ ಬೀಜವೂ ಬೇಡ: ಗೆಣ್ಣು ಮುಳುಗುವಂತೆ ದಂಟನ್ನು ನೀರಿನಲ್ಲಿ ಇಟ್ಟರೆ ಒಂದೆರಡು ವಾರದೊಳಗೆ ಬಿಳಿ ಬೇರು ಇಳಿದು ನೆಡಲು ಸಿದ್ಧವಾಗುತ್ತದೆ.