"ವಿಯೆಟ್ನಾಂ ಮಾಲು, ಸುಂಕ ಸೊನ್ನೆ" ಅನ್ನುವವರ ಬಗ್ಗೆ ಹುಷಾರು

ಕಲಬುರಗಿ, ಬೀದರ್, ಯಾದಗಿರಿ ಕಡೆ ಪ್ಯಾನೆಲ್, ಸ್ಟೆಬಿಲೈಸರ್, ಸಿಸಿಟಿವಿ ಕೆಲಸ ಮಾಡುವವರು ಇದನ್ನು ಓದಲೇಬೇಕು. "ಮಾಲು ವಿಯೆಟ್ನಾಂದು, ಸುಂಕ ಸೊನ್ನೆ" ಅಂತ ವಾಟ್ಸಾಪ್‌ನಲ್ಲಿ ರೇಟು ಬಂದರೆ ಕೂಡಲೇ ಅಡ್ವಾನ್ಸ್ ಹಾಕಬೇಡಿ.

ನಮ್ಮದು ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಘಟಕ. ದಾಲ್ ಮಿಲ್‌ಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡಿಕೊಡುತ್ತೇವೆ. ಒಳಗಿನ ಎಸ್‌ಎಂಪಿಎಸ್ (ಪ್ಯಾನೆಲ್‌ಗೆ ಬೇಕಾದ ಕರೆಂಟ್ ಕೊಡುವ ಪವರ್ ಸಪ್ಲೈ) ಹೊರದೇಶದ್ದು. ಅದನ್ನು ತರಿಸಿಕೊಡುತ್ತೇನೆ ಅಂತ ಬಂದ ಏಜೆಂಟ್, "ಅಣ್ಣಾರ, ಚಿಂತಿ ಮಾಡಬ್ಯಾಡ್ರಿ, ಫಾರ್ಮ್ ಎಐ ನಾನೇ ಕೊಡಸ್ತೀನಿ" ಅಂದ. ವಿಯೆಟ್ನಾಂ ಕೂಡ ಇರುವ ಆಸಿಯಾನ್ ಕೂಟದ ಆಗ್ನೇಯ ಏಷ್ಯಾ ದೇಶಗಳ ಜೊತೆ ಭಾರತಕ್ಕೆ ವ್ಯಾಪಾರ ಒಪ್ಪಂದ ಇದೆ. 2010ರ ಜನವರಿಯಿಂದ ಜಾರಿಯಲ್ಲಿದೆ. ಮಾಲು ಆ ದೇಶಗಳಲ್ಲೇ ತಯಾರಾದದ್ದು ಅಂತ ಹೇಳುವ ಸರ್ಟಿಫಿಕೇಟೇ ಫಾರ್ಮ್ ಎಐ. ಅದಿದ್ದರೆ ಎಷ್ಟೋ ಮಾಲಿಗೆ ಮೂಲ ಸುಂಕ (ಬೇಸಿಕ್ ಕಸ್ಟಮ್ಸ್ ಡ್ಯೂಟಿ) ಇಳಿಯುತ್ತದೆ, ಕೆಲವಕ್ಕೆ ಇರುವುದೇ ಇಲ್ಲ.

ಸರ್ಟಿಫಿಕೇಟ್ ಬಂತು. ಸೀಲು, ಸಹಿ ಎಲ್ಲ ಸರಿಯಾಗಿತ್ತು. ಬಂದರಿನಲ್ಲಿ ಡಬ್ಬಿ ಬಿಚ್ಚಿದರೆ ಹೊರಗೆ ವಿಯೆಟ್ನಾಂ ಸ್ಟಿಕ್ಕರ್, ಒಳಗಿನ ಪೀಸಿನ ಮೇಲೆ ಮೇಡ್ ಇನ್ ಚೈನಾ!

ಒಪ್ಪಂದದ ಸಾಮಾನ್ಯ ನಿಯಮದ ಪ್ರಕಾರ ಮಾಲಿನ ಬೆಲೆಯಲ್ಲಿ ಕನಿಷ್ಠ 35% ಒಪ್ಪಂದದ ದೇಶಗಳದ್ದೇ ಇರಬೇಕು. ಜೊತೆಗೆ, ಬೇರೆ ದೇಶದಿಂದ ತಂದು ಬಳಸಿದ ಸಾಮಾನಿಗಿಂತ ತಯಾರಾದ ಮಾಲಿನ ಎಚ್‌ಎಸ್ ಕೋಡ್ (ಕಸ್ಟಮ್ಸ್‌ನಲ್ಲಿ ಮಾಲನ್ನು ಗುರುತಿಸುವ ನಂಬರು) ಬೇರೆ ಆಗಿರಬೇಕು. ಬರೀ ಪ್ಯಾಕ್ ಮಾಡಿ ಲೇಬಲ್ ಅಂಟಿಸಿದರೆ ನಡೆಯಲ್ಲ. ಮ್ಯಾನ್ಮಾರ್ ತೊಗರಿಯನ್ನು ನಮ್ಮ ಚೀಲಕ್ಕೆ ತುಂಬಿದರೆ ಅದು ಕಲಬುರಗಿ ತೊಗರಿ ಆಗುತ್ತದೆಯೇ?

ಕಸ್ಟಮ್ಸ್‌ನವರು ಎಲ್ಲಿ ತಯಾರಾಯಿತು, ಹೇಗೆ ತಯಾರಾಯಿತು, ಖರ್ಚು ಎಷ್ಟು ಅಂತ ಕೇಳಿದರು. ಕೊಡಲು 10 ಕೆಲಸದ ದಿನ ಸಿಗುತ್ತದೆ. ಏಜೆಂಟ್‌ಗೆ ಫೋನ್ ಮಾಡಿದರೆ "ಅದು ಫ್ಯಾಕ್ಟರಿ ಗುಟ್ಟು, ಕೊಡಲ್ಲ ಅಂತಾರ್ರಿ" ಅಂತ ಉತ್ತರ. ರಿಯಾಯಿತಿ ಹೋಯಿತು. ಪೂರ್ತಿ ಸುಂಕದ ಜೊತೆ ಡೆಮರೇಜ್ (ಮಾಲು ಬಂದರಿನಲ್ಲೇ ಉಳಿದದ್ದಕ್ಕೆ ಬಾಡಿಗೆ) ಕೂಡ ನಮ್ಮ ತಲೆಗೇ ಬಂತು. ಆಮೇಲೆ ಆ ಮಹಾಶಯ ಫೋನೇ ಎತ್ತಲಿಲ್ಲ.

2020ರ ಸೆಪ್ಟೆಂಬರ್ 21ರಿಂದ ಕಾರೋಟಾರ್ ಅನ್ನುವ ಕಸ್ಟಮ್ಸ್ ನಿಯಮ ಇದೆ. ಒಪ್ಪಂದದ ರಿಯಾಯಿತಿ ಕೇಳುವ ಮಾಲು ಎಲ್ಲಿ ತಯಾರಾಯಿತು ಅಂತ ಪರಿಶೀಲಿಸುವ ನಿಯಮ ಅದು. ಸರ್ಟಿಫಿಕೇಟ್ ಕೊಟ್ಟ ಮಾತ್ರಕ್ಕೆ ಆಮದು ಮಾಡುವವನ ಹೊಣೆ ಮುಗಿಯಲ್ಲ. ಆ ನಿಯಮದ ಫಾರ್ಮ್ 1ರಲ್ಲಿ ಕೇಳುವ ವಿವರ ಮಾಲು ಬರುವ ಮೊದಲೇ ನಮ್ಮ ಕೈಲಿರಬೇಕು. 5 ವರ್ಷ ಜೋಪಾನವಾಗಿ ಇಡಬೇಕು. ಮಾಲು ಬಿಡಿಸಿಕೊಂಡು ಹೋದ ಮೇಲೂ ತಪ್ಪು ಅಂತ ಗೊತ್ತಾದರೆ, ಬಾಕಿ ಸುಂಕದ ಮೇಲೆ ವರ್ಷಕ್ಕೆ 15% ಬಡ್ಡಿ ಬೀಳುತ್ತದೆ.

ದುಡ್ಡಿನ ಲೆಕ್ಕ ನೋಡಿ. 1 ಲಕ್ಷದ ಮಾಲು, ಮೂಲ ಸುಂಕ 20% ಅಂತ ಇಟ್ಟುಕೊಳ್ಳಿ. ಸುಂಕ 20,000, ಅದರ 10% ಸರ್ಚಾರ್ಜ್ 2,000. ಒಟ್ಟು 1,22,000ದ ಮೇಲೆ 18% ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ), 21,960. ಐಜಿಎಸ್‌ಟಿ ಕ್ರೆಡಿಟ್ ಆಗಿ ಹೊಂದುತ್ತದೆ. ಆದರೆ ಸುಂಕ, ಸರ್ಚಾರ್ಜ್ ಸೇರಿದ ಆ 22,000 ಹೋದದ್ದು ಹೋಯಿತು. ಹಳೆಯ ರೇಟಿಗೆ ಮಿಲ್ಲಿನವರ ಆರ್ಡರ್ ಒಪ್ಪಿಕೊಂಡಿದ್ದರೆ ಲಾಭವೆಲ್ಲ ಅಲ್ಲೇ ಮಾಯ.

ಇನ್ನೊಂದು ಆಟವೂ ಇದೆ. ಐಸಿ, ರೆಸಿಸ್ಟರ್, ಕೆಪಾಸಿಟರ್‌ನಂಥ ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಸಾಮಾನ್ಯವಾಗಿ ಮೂಲ ಸುಂಕ ಸೊನ್ನೆಯೇ. ಇಂಥ ಮಾಲಿನ ಸುಂಕ ತೆಗೆಯುವ ವಿಶ್ವ ವ್ಯಾಪಾರ ಸಂಸ್ಥೆಯ (ಡಬ್ಲ್ಯುಟಿಒ) ಐಟಿ ಒಪ್ಪಂದಕ್ಕೆ ಭಾರತ 1997ರಲ್ಲೇ ಸೇರಿದೆ. ಅವು ಚೀನಾದಿಂದ ಬಂದರೂ ಅಷ್ಟೇ. ಇಂಥ ಮಾಲಿಗೂ "ಸರ್ಟಿಫಿಕೇಟ್ ಖರ್ಚು" ಅಂತ ವಸೂಲಿ ಮಾಡುವವರಿದ್ದಾರೆ. ಸುಮ್ನೆ ದಂಡ. ಪಿಸಿಬಿ (ಬಿಡಿಭಾಗ ಕೂರಿಸುವ ಸರ್ಕ್ಯೂಟ್ ಬೋರ್ಡ್) ಕತೆ ಬೇರೆ. ಮೂಲ ಸುಂಕ ಸೊನ್ನೆ ಇದ್ದರೂ, ಚೀನಾ, ಹಾಂಗ್‌ಕಾಂಗ್‌ನ 6 ಪದರದವರೆಗಿನ ಬೋರ್ಡ್‌ಗಳ ಮೇಲೆ 2024ರಲ್ಲಿ ಆ್ಯಂಟಿ ಡಂಪಿಂಗ್ ಸುಂಕ (ತೀರಾ ಕಡಿಮೆ ಬೆಲೆಗೆ ತಂದು ಸುರಿಯುವುದನ್ನು ತಡೆಯುವ ಹೆಚ್ಚುವರಿ ಸುಂಕ) ಬಂತು. ಸಿಂಗಾಪುರದಿಂದ ಸುತ್ತಿಸಿ ತಂದರೂ ಬೋರ್ಡು ತಯಾರಾದ ದೇಶ ಬದಲಾಗಲ್ಲ.

ಆರ್ಡರ್ ಕೊಡುವ ಮೊದಲು ಎಚ್‌ಎಸ್ ಕೋಡ್ ಕೇಳಿ, ನಿಮ್ಮದೇ ಕಸ್ಟಮ್ಸ್ ಬ್ರೋಕರ್ ಹತ್ತಿರ ತೋರಿಸಿ. ಬರೀ ಡಬ್ಬಿಯದಲ್ಲ, ಒಳಗಿನ ಪೀಸಿನ ಫೋಟೋ ತರಿಸಿಕೊಳ್ಳಿ. ಫಾರ್ಮ್ 1ರ ವಿವರ ಕೈಗೆ ಬಂದ ಮೇಲೆ ಅಡ್ವಾನ್ಸ್ ಹಾಕಿ. ರಿಯಾಯಿತಿ ಸಿಗದಿದ್ದರೆ ವ್ಯತ್ಯಾಸದ ಸುಂಕ ಮಾರುವವನೇ ಕೊಡಬೇಕು ಅಂತ ಪರ್ಚೇಸ್ ಆರ್ಡರ್‌ನಲ್ಲೇ ಬರೆಸಿ. ಈಗ ನಮಗೆ ಮಾಲು ಮಾರುವವರು ಈ ಷರತ್ತಿಗೆ ಸಹಿ ಹಾಕಿದ್ದಾರೆ. ರೇಟು ಸ್ವಲ್ಪ ಜಾಸ್ತಿ. ಅವರ ಬಿಲ್ಲಿನಲ್ಲಿ ಮೂಲ ದೇಶ ಚೀನಾ ಅಂತಲೇ ಇರುತ್ತದೆ.