ನಾಯಿಯ ಹೊಟ್ಟು, ತುರಿಕೆ: ಮಂಗಳೂರು ಬಿಜೈ ಕಡೆಯ ಈ ಕ್ಲಿನಿಕ್ಕಿಗೆ ನನ್ನ ನಾಲ್ಕು ಸ್ಟಾರ್

ಸಣ್ಣ ನಾಯಿ ಸಾಕಿದವರು ಸ್ಕಿನ್ ಪ್ರಾಬ್ಲಂ ಇದ್ರೆ ಇಲ್ಲಿಗೆ ಒಮ್ಮೆ ಹೋಗಿ ಅಂತ ಧೈರ್ಯದಲ್ಲಿ ಹೇಳ್ತೇನೆ, ಎಂತಕ್ಕೆಂದ್ರೆ ಇವ್ರು ಮೊದ್ಲು ನೋಡ್ತಾರೆ, ಆಮೇಲೆ ಮದ್ದು ಬರೀತಾರೆ. ಇದೆಂತ ದೊಡ್ಡ ವಿಷಯ ಅಂತ ಕೇಳ್ಬೇಡಿ. ಇದಕ್ಕಿಂತ ಮೊದ್ಲು ಹೋದ ಕಡೆ, ಹೆಸ್ರು ಬೇಡ, ನಾಯಿ ಟೇಬಲ್ ಹತ್ತುವ ಮೊದ್ಲೇ ಇಂಜೆಕ್ಷನ್ ರೆಡಿ, ತುರಿಕೆ ನಿಲ್ತದೆ, ಮದ್ದಿನ ಪವರ್ ಇಳಿದ ಕೂಡ್ಲೇ ಪುನಃ ಕರಕರ ಕೆರೆಯುದು ಶುರು.

ನಮ್ಮದು ಶಿಟ್ಜು ಅಂತ ಉದ್ದ ಕೂದಲಿನ ಸಣ್ಣ ಜಾತಿ ನಾಯಿ, ಹೆಸ್ರು ಪುಟ್ಟಿ, ಇನ್ನೂ ವರ್ಷ ತುಂಬ್ಲಿಲ್ಲ. ಬೆನ್ನಲ್ಲಿ, ಬಾಲದ ಬುಡದಲ್ಲಿ ಬಿಳಿ ಬಿಳಿ ಹೊಟ್ಟು. ಡ್ರೈ ಸ್ಕಿನ್ ಅಂತ ಎಲ್ರೂ ಹೇಳುದು, ಪಕ್ಕದ ಮನೆ ಬಾಯಮ್ಮ ಅಂತೂ ತೆಂಗಿನೆಣ್ಣೆ ಹಚ್ಚಿ ಅಂತ ಬಾಟ್ಲಿಯೇ ಕೊಟ್ರು. ಆದ್ರೆ ಜುಲೈ ತಿಂಗಳ ಮಂಗಳೂರಲ್ಲಿ, ಡಬ್ಬದೊಳಗಿನ ಹಪ್ಪಳವೂ ಮೆತ್ತಗಾಗುವ ಊರಲ್ಲಿ, ನಾಯಿ ಚರ್ಮ ಮಾತ್ರ ಒಣಗುದು ಹೇಗೆ ಮಾರಾಯ್ರೆ? ಡಾಕ್ಟರಿಗೂ ಅದೇ ಡೌಟು. ನಾಯಿ ಚರ್ಮದ ಮೇಲಿನ ಪದರ ಸುಮಾರು 3 ವಾರಕ್ಕೊಮ್ಮೆ ಹೊಸತಾಗ್ತದಂತೆ, ಉರಿಯೋ ಇನ್ಫೆಕ್ಷನ್ನೋ ಇದ್ರೆ ಅದ್ರ ಸ್ಪೀಡ್ ಜಾಸ್ತಿಯಾಗಿ ಹೊಟ್ಟು ಉದುರ್ತದೆ, ಎಣ್ಣೆ ಹಚ್ಚಿದ್ರೆ ಅದು ನೆಕ್ಕುದು, ಕಸ ಅಂಟುದು ಅಷ್ಟೇ.

ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬೆನ್ನು ಬಾಚಿ, ಬಿದ್ದ ಕಸವನ್ನು ಒದ್ದೆ ಟಿಶ್ಯೂ ಮೇಲೆ ಹಾಕಿದ್ರು. ಕಪ್ಪು ಚುಕ್ಕಿಗಳೆಲ್ಲ ಕೆಂಪು ಬಣ್ಣ ಬಿಟ್ಟವು. ಅದು ಚಿಗಟದ ಹಿಕ್ಕೆ, ಅಂದ್ರೆ ಅದು ಕುಡಿದ ನಮ್ಮ ಪುಟ್ಟಿಯದ್ದೇ ರಕ್ತ! ನಮ್ಗೆ ಒಂದು ಚಿಗಟವೂ ಕಣ್ಣಿಗೆ ಬಿದ್ದಿರ್ಲಿಲ್ಲ, ಆದ್ರೆ ಚಿಗಟದ ಎಂಜಲಿಗೆ ಅಲರ್ಜಿ ಇರುವ ನಾಯಿಗೆ ಒಂದೆರಡು ಕಡಿತ ಸಾಕಂತೆ, ಬಾಲದ ಬುಡದಲ್ಲೇ ಜಾಸ್ತಿ ಕೆರ್ಕೊಂಡ್ರೆ ಮೊದ್ಲು ಅದನ್ನೇ ನೋಡ್ಬೇಕಂತೆ. ಆಮೇಲೆ ಹೊಟ್ಟೆಗೆ, ಬೆರಳ ಸಂದಿಗೆ ಸೆಲ್ಲೋಟೇಪ್ ಅಂಟಿಸಿ ತೆಗ್ದು ಮೈಕ್ರೋಸ್ಕೋಪಲ್ಲಿ ಇಟ್ರು, ಮಲಸೇಜಿಯಾ ಅಂತ ಒಂದು ಯೀಸ್ಟ್ ರಾಶಿ ಉಂಟು. ಎಲ್ಲ ನಾಯಿ ಮೈಯಲ್ಲೂ ಸ್ವಲ್ಪ ಇರ್ತದೆ, ಅಲರ್ಜಿ ಮತ್ತು ತೇವ ಸೇರಿದ್ರೆ ಅದಕ್ಕೆ ಹಬ್ಬ. ಆ ಹುಳಿ ವಾಸನೆಯೂ ಅದ್ರದ್ದೇ. ಚರ್ಮದೊಳಗೆ ಕಣ್ಣಿಗೆ ಕಾಣದ ಕಜ್ಜಿ ಹುಳ ಉಂಟಾ ಅಂತ ಚರ್ಮ ಸ್ವಲ್ಪ ಕೆರ್ದೂ ನೋಡಿದ್ರು, ಅದಿರ್ಲಿಲ್ಲ.

ಮದ್ದು ಅಂದ್ರೆ ತೂಕ ನೋಡಿ ಚಿಗಟಕ್ಕೊಂದು ಮಾತ್ರೆ, ಮತ್ತೆ ಕ್ಲೋರ್‌ಹೆಕ್ಸಿಡಿನ್, ಮೈಕೊನಜೋಲ್ ಅಂತ ಯೀಸ್ಟ್, ಬ್ಯಾಕ್ಟೀರಿಯಾ ಕೊಲ್ಲುವ ಮದ್ದು ಇರುವ ಶಾಂಪೂ, ವಾರಕ್ಕೆ 2 ಸಲ. ನೊರೆ 10 ನಿಮಿಷ ಮೈಮೇಲೇ ಇರ್ಬೇಕು, ಇಲ್ದಿದ್ರೆ ದುಡ್ಡು ದಂಡ. 10 ನಿಮಿಷ ಶಿಟ್ಜುವನ್ನು ಬಕೆಟ್ ಪಕ್ಕ ಹಿಡ್ಕೊಂಡು ಕೂರುದು ಎಂತ ಅಂತ ಕೂತವ್ರಿಗೇ ಗೊತ್ತು. ಉಗುರುಬೆಚ್ಚಗಿನ ನೀರು, ಬಿಸಿ ಬೇಡ, ಆಮೇಲೆ ಬೆರಳ ಸಂದಿ ಚೆನ್ನಾಗಿ ಒರೆಸ್ಬೇಕು. ಮನೆಯ ಬೆಕ್ಕಿಗೂ ಚಿಗಟದ ಮದ್ದು ಬೇಕು, ಆದ್ರೆ ನಾಯಿಯದ್ದು ಕೊಡ್ಲೇಬೇಡಿ, ಪರ್ಮೆಥ್ರಿನ್ ಅಂತ ಚಿಗಟ ಕೊಲ್ಲುವ ಕೆಮಿಕಲ್ ಇದ್ದದ್ದು ಬೆಕ್ಕಿಗೆ ವಿಷ ಅಂತ ಎರಡೆರಡು ಸಲ ಹೇಳಿದ್ರು. ಚಾಪೆ, ಹಾಸಿಗೆ ಎಲ್ಲ ಬಿಸಿ ನೀರಲ್ಲಿ ಒಗ್ದು ಒಣಗಿಸ್ಬೇಕಂತೆ. ಈ ಮಳೆಗೆ ಬಿಸಿಲು ಎಲ್ಲಿಂದ ತರುದು ಅಂತ ಮಾತ್ರ ಹೇಳ್ಲಿಲ್ಲ.

ಈಗ ಬೆನ್ನಿನ ಹೊಟ್ಟು ಹೆಚ್ಚುಕಮ್ಮಿ ಹೋಗಿದೆ, ವಾಸನೆ ಇಲ್ಲ, ಆದ್ರೆ ಕಾಲು ನೆಕ್ಕುದು ಬಿಡ್ಲಿಲ್ಲ. ಹಾಗಾಗಿ ಫುಡ್ ಅಲರ್ಜಿ ಉಂಟಾ ಅಂತ ನೋಡ್ಲಿಕ್ಕುಂಟು. ಅದಕ್ಕೆ ರಕ್ತ ಪರೀಕ್ಷೆಯನ್ನು ನಂಬ್ಲಿಕ್ಕಾಗುದಿಲ್ಲ, ಇದುವರೆಗೆ ತಿನ್ನದ ಒಂದೇ ಮಾಂಸ ಕೊಟ್ಟು 8 ವಾರ ನೋಡುದೇ ದಾರಿ ಅಂದ್ರು. ಡಾಕ್ಟ್ರು ನಮ್ಮ ಅಜ್ಜಿ ಹತ್ರ, "ಅಮ್ಮಾ, ಇದಕ್ಕೆ ಎಂತೆಲ್ಲ ಹಾಕಿದ್ದೀರಿ, ಸತ್ಯ ಹೇಳಿ" ಅಂತ ಕೇಳಿದ್ದೇ ತಡ, ಬೂತಾಯಿ, ಬಂಗುಡೆ, ಕೋಳಿ, ಮೊಟ್ಟೆ, ಮೊಸರನ್ನ, ಕೋರಿರೊಟ್ಟಿಯ ರೊಟ್ಟಿ ತುಂಡು, ಪಟ್ಟಿ ಮುಗೀಲೇ ಇಲ್ಲ. "ಹಾಗಾದ್ರೆ ಇದು ತಿನ್ನದ್ದು ಎಂತ ಉಳೀತು ಅಮ್ಮಾ?" ಅಂತ ಅವ್ರು ನಗಾಡಿದ್ರು. ಕೊನೆಗೆ, ಅಲರ್ಜಿ ಏಳದ ಹಾಗೆ ಪ್ರೋಟೀನನ್ನು ಸಣ್ಣ ಸಣ್ಣ ಚೂರು ಮಾಡಿದ ಹೈಡ್ರೊಲೈಸ್ಡ್ ಫುಡ್ ಬರ್ದಿದ್ದಾರೆ, ರೇಟ್ ನೋಡಿ ನನ್ಗೆ ತುರಿಕೆ ಬಂತು. ಬಿಸ್ಕಿಟ್ ಕೂಡ ಬಂದ್. ಅಜ್ಜಿಯನ್ನು ಕಾಯುದೇ ನನ್ಗೆ ದೊಡ್ಡ ಕೆಲ್ಸ.

ತುರಿಕೆಗೆ ಓಕ್ಲಾಸಿಟಿನಿಬ್ ಮಾತ್ರೆ ಕೊಡ್ತೀರಾ ಅಂತ ನಾನೇ ಕೇಳಿದೆ, ವರ್ಷ ತುಂಬದೆ ಕೊಡ್ಲಿಕ್ಕಿಲ್ಲ ಅಂತ ಸೀದಾ ಹೇಳಿದ್ರು, ಅದೂ ನನ್ಗೆ ಇಷ್ಟ ಆಯ್ತು.

ಒಂದು ಸ್ಟಾರ್ ಕಟ್ ಮಾಡಿದ್ದು ವೈಟಿಂಗಿಗೆ. ಅಪಾಯಿಂಟ್‌ಮೆಂಟ್ ಹೆಸರಿಗೆ ಮಾತ್ರ, ಇಕ್ಕಟ್ಟಿನ ಜಾಗದಲ್ಲಿ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಮಧ್ಯೆ ಸಣ್ಣ ನಾಯಿಗಳು ನಡುಗ್ತಾ ಇರ್ತವೆ. ಬುಟ್ಟಿಯೋ ಬ್ಯಾಗೋ ತಕೊಂಡು ಹೋಗಿ, ಹೋಗುವ ಮೊದ್ಲು ಸ್ನಾನ ಮಾಡಿಸ್ಬೇಡಿ, ಬಾಚಿ ನೋಡ್ಲಿಕ್ಕೆ ಎಂತದೂ ಸಿಗುದಿಲ್ಲ.