ರಿಮೋಟ್ ಡೆಸ್ಕ್‌ಟಾಪ್ ಸರ್ವರ್ ಹಾಕಿಸುವವರಿಗೆ ಎಚ್ಚರಿಕೆ: ಮೊದಲ 120 ದಿನಗಳನ್ನು ನಂಬಬೇಡಿ

ಒಂದೇ ವಿಂಡೋಸ್ ಸರ್ವರ್‌ಗೆ ಹಲವರು ದೂರದಿಂದ ಲಾಗಿನ್ ಆಗಿ ಕೆಲಸ ಮಾಡುವ ವ್ಯವಸ್ಥೆಯನ್ನು ಈಗಷ್ಟೇ ಮಾಡಿಸುತ್ತಿರುವವರು ಅಥವಾ ಇತ್ತೀಚೆಗೆ ಮಾಡಿಸಿಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಬೇಕೆಂದು ಕೋರುತ್ತೇನೆ. ನಮ್ಮ ಕಚೇರಿಯಲ್ಲಿ 14 ಮಂದಿ ಒಂದೇ ಲೆಕ್ಕಪತ್ರ ತಂತ್ರಾಂಶವನ್ನು ಬಳಸುತ್ತೇವೆ. ಮನೆಯಿಂದಲೂ ಕೆಲಸ ಸಾಗಲೆಂದು ಅದನ್ನು ವಿಂಡೋಸ್ ಸರ್ವರ್ 2019 ಇರುವ ಒಂದು ಯಂತ್ರದಲ್ಲಿ ಹಾಕಿಸಿದೆವು. ಹೊರಗಿನಿಂದ ಬಂದ ತಂತ್ರಜ್ಞರೊಬ್ಬರು ಒಂದೇ ಮಧ್ಯಾಹ್ನದಲ್ಲಿ ಕೆಲಸ ಮುಗಿಸಿ, ಎಲ್ಲರಿಗೂ ಡೆಸ್ಕ್‌ಟಾಪ್ ತೆರೆಯುತ್ತಿರುವುದನ್ನು ತೋರಿಸಿ, ಹಣ ಪಡೆದು ಹೋದರು. ನಾಲ್ಕು ತಿಂಗಳ ಕಾಲ ದೊಡ್ಡ ತೊಂದರೆಯೇನೂ ಕಾಣಲಿಲ್ಲ.

ತಿಂಗಳ ಕೊನೆಯ ಲೆಕ್ಕ ಮುಗಿಸಬೇಕಿದ್ದ ಒಂದು ಬೆಳಿಗ್ಗೆ ಯಾರಿಗೂ ಲಾಗಿನ್ ಆಗಲಿಲ್ಲ. ಲೈಸೆನ್ಸ್ ಕೊಡಬಲ್ಲ ಯಾವ ಲೈಸೆನ್ಸ್ ಸರ್ವರ್ ಕೂಡ ಲಭ್ಯವಿಲ್ಲದ ಕಾರಣ ಸಂಪರ್ಕ ಕಡಿದಿದೆ ಎಂಬ ಸಂದೇಶ ಎಲ್ಲರ ಪರದೆಯ ಮೇಲೂ ಬಂದಿತ್ತು. ವಿಂಡೋಸ್ ಸರ್ವರ್ ತನ್ನಷ್ಟಕ್ಕೆ ಆಡಳಿತದ ಕೆಲಸಕ್ಕೆಂದು ಏಕಕಾಲಕ್ಕೆ ಎರಡು ರಿಮೋಟ್ ಸೆಷನ್‌ಗಳನ್ನು ಮಾತ್ರ ಕೊಡುತ್ತದೆ. ಹೆಚ್ಚು ಜನ ಬಳಸಬೇಕಾದರೆ ಸೆಷನ್ ಹೋಸ್ಟ್ ಎಂಬ ರೋಲ್, ಅಂದರೆ ಸರ್ವರ್‌ಗೆ ಆ ಕೆಲಸ ವಹಿಸುವ ಘಟಕ, ಹಾಕಬೇಕು, ಲೈಸೆನ್ಸ್ ಸರ್ವರ್ ಒಂದನ್ನು ಸಕ್ರಿಯಗೊಳಿಸಬೇಕು, ಅದರಲ್ಲಿ ಬೇಕಾದಷ್ಟು ಕ್ಯಾಲ್‌ಗಳನ್ನು, ಅಂದರೆ ಪ್ರವೇಶ ಪರವಾನಗಿಗಳನ್ನು, ತುಂಬಬೇಕು. ಲೈಸೆನ್ಸ್ ಸರ್ವರ್, ಕ್ಯಾಲ್ ಎರಡೂ ಇಲ್ಲದಿದ್ದರೂ ರೋಲ್ ಹಾಕಿದ ಮೇಲೆ 120 ದಿನಗಳ ರಿಯಾಯಿತಿ ಅವಧಿ ಸಿಗುತ್ತದೆ. ನಮ್ಮ ತಂತ್ರಜ್ಞರು ರೋಲ್ ಹಾಕಿದ್ದರು, ಅಷ್ಟೇ. ಇಷ್ಟು ದಿನಗಳಲ್ಲಿ ನಿಂತುಹೋಗುತ್ತದೆ ಎಂಬ ಸಣ್ಣ ಸೂಚನೆ ಪರದೆಯ ಬಲತುದಿಯಲ್ಲಿ ಬರುತ್ತಲೇ ಇತ್ತಂತೆ. ನಮ್ಮವರು ಪ್ರತಿದಿನ ಅದನ್ನು ಮುಚ್ಚಿ ಕೆಲಸ ಮುಂದುವರಿಸಿದ್ದರು. ಆ ಸೂಚನೆ ಕಾಣುವುದು ಅಡ್ಮಿನಿಸ್ಟ್ರೇಟರ್‌ಗಳಿಗೆ. ಅದು ಎಲ್ಲರಿಗೂ ಕಾಣುತ್ತಿದ್ದುದರ ಅರ್ಥ ನನಗೆ ಹೊಳೆದದ್ದು ಬಹಳ ತಡವಾಗಿ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಫೋನ್ ಮಾಡಿದಾಗ ಆ ತಂತ್ರಜ್ಞರು, ವಿಂಡೋಸ್ ತನ್ನ ಹೊಂದಿಕೆಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಒಂದು ನಮೂದನ್ನು ಅಳಿಸಿದರೆ ಇನ್ನೂ 120 ದಿನ ಸಿಗುತ್ತದೆ, ಇಲ್ಲವೇ ಸಿಸ್ಟಮ್ ಕಡತವೊಂದನ್ನು ಬದಲಿಸಿಕೊಟ್ಟರೆ ಲೈಸೆನ್ಸ್ ಗೊಡವೆಯೇ ಇರುವುದಿಲ್ಲ ಎಂದರು. ಇವೆರಡೂ ಪರವಾನಗಿ ಒಪ್ಪಂದದ ಉಲ್ಲಂಘನೆ. ಮೇಲಾಗಿ, ತಿದ್ದಿದ ಕಡತ ಮುಂದಿನ ವಿಂಡೋಸ್ ಅಪ್‌ಡೇಟ್‌ನಲ್ಲಿ ಕೈಕೊಡಬಹುದು, ಆ ಭಯಕ್ಕೆ ಅಪ್‌ಡೇಟ್ ನಿಲ್ಲಿಸಿದರೆ ಸರ್ವರ್ ದಿನದಿಂದ ದಿನಕ್ಕೆ ದುರ್ಬಲವಾಗುತ್ತದೆ. ನಾವು ಒಪ್ಪಲಿಲ್ಲ.

ಒಪ್ಪದೆ, ಅದೇ ದಿನ ಅವಸರದಲ್ಲಿ 14 ಪರ್ ಯೂಸರ್ ಕ್ಯಾಲ್‌ಗಳನ್ನು ಕೊಂಡೆವು. ಇದು ಎರಡನೆಯ ಪೆಟ್ಟು. ಕ್ಯಾಲ್‌ಗಳಲ್ಲಿ ಎರಡು ಬಗೆ: ಪರ್ ಯೂಸರ್ ಎಂದರೆ ವ್ಯಕ್ತಿಗೆ ಒಂದು, ಪರ್ ಡಿವೈಸ್ ಎಂದರೆ ಯಂತ್ರಕ್ಕೆ ಒಂದು. ಮನೆಯಲ್ಲೊಂದು, ಕಚೇರಿಯಲ್ಲೊಂದು ಕಂಪ್ಯೂಟರ್ ಬಳಸುವ ನಮ್ಮಂಥವರಿಗೆ ಮೊದಲನೆಯದೇ ಸರಿ ಎಂದು ತೋರುವುದು ಸಹಜ. ಆದರೆ ಪರ್ ಯೂಸರ್ ಕ್ಯಾಲ್‌ಗೆ ಆಕ್ಟಿವ್ ಡೈರೆಕ್ಟರಿ ಡೊಮೇನ್, ಅಂದರೆ ಎಲ್ಲರ ಖಾತೆಗಳನ್ನು ಒಂದೇ ಕಡೆ ನಿರ್ವಹಿಸುವ ಜಾಲ, ಬೇಕು. ನಮ್ಮ ಸರ್ವರ್ ಇದ್ದದ್ದು ಪ್ರತಿ ಯಂತ್ರವೂ ತನ್ನ ಖಾತೆಗಳನ್ನು ತಾನೇ ಇಟ್ಟುಕೊಳ್ಳುವ ವರ್ಕ್‌ಗ್ರೂಪ್‌ನಲ್ಲಿ. ಲಾಗಿನ್ ಆಯಿತು, ಎಲ್ಲರೂ ನಿಟ್ಟುಸಿರು ಬಿಟ್ಟರು. ಆಮೇಲೆ ಒಂದೊಂದೇ ಪರದೆಯ ಮೇಲೆ, ಲೈಸೆನ್ಸ್‌ನಲ್ಲಿ ತೊಂದರೆಯಿದೆ, ಈ ಸೆಷನ್ 60 ನಿಮಿಷಗಳಲ್ಲಿ ಕಡಿದುಹೋಗುತ್ತದೆ ಎಂಬ ಪೆಟ್ಟಿಗೆ ಕಾಣಿಸಿಕೊಂಡಿತು, ಹೇಳಿದಂತೆಯೇ ಕಡಿಯಿತು. ಉದ್ದನೆಯ ಬಿಲ್ಲೊಂದರ ನಡುವೆ ಪರದೆ ಮಾಯವಾಗಿ, ಮತ್ತೆ ಲಾಗಿನ್ ಆಗಿ, ಎಲ್ಲಿಯವರೆಗೆ ನಮೂದಾಗಿದೆ ಎಂದು ಸಾಲುಸಾಲಾಗಿ ನೋಡುತ್ತಾ ನಮ್ಮ ಸಹೋದ್ಯೋಗಿಗಳು ಮೂರು ದಿನ ಕಳೆದರು. ಕೊನೆಗೆ ಪ್ರತ್ಯೇಕ ಯಂತ್ರದಲ್ಲಿ ಡೊಮೇನ್ ನಡೆಸುವ ಡೊಮೇನ್ ಕಂಟ್ರೋಲರ್ ಸ್ಥಾಪಿಸಿ, ಸರ್ವರ್ ಅನ್ನು ಆ ಡೊಮೇನ್‌ಗೆ ಸೇರಿಸಿದ ಮೇಲೆಯೇ ಇದು ನಿಂತಿತು. ಕ್ಯಾಲ್‌ನ ಆವೃತ್ತಿಯೂ ಸರ್ವರ್‌ನ ಆವೃತ್ತಿಯಷ್ಟೇ ಹೊಸದಾಗಿರಬೇಕು. 2016ರ ಕ್ಯಾಲ್ 2019ರ ಸರ್ವರ್‌ಗೆ ನಡೆಯುವುದಿಲ್ಲ.

ಈ ಕೆಲಸಕ್ಕೆ ಬಂದ ಹೊಸ ತಂತ್ರಜ್ಞೆ ಸರ್ವರ್‌ನಲ್ಲಿ ನಡೆದದ್ದೆಲ್ಲದರ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಸೆಕ್ಯುರಿಟಿ ಲಾಗ್ ತೆರೆದು ನನ್ನನ್ನು ಹತ್ತಿರ ಕರೆದರು. ವಿಫಲ ಲಾಗಿನ್‌ಗೆ ಬರುವ 4625 ಎಂಬ ಸಂಖ್ಯೆಯ ಸಾಲುಗಳು, ನಾವು ನೋಡುತ್ತಿದ್ದಂತೆಯೇ, ಕೆಲವೇ ಸೆಕೆಂಡಿಗೊಂದರಂತೆ ಸೇರುತ್ತಿದ್ದವು. ಅಡ್ಮಿನ್, ಟೆಸ್ಟ್, ಯೂಸರ್ ಎಂದು ನಮ್ಮಲ್ಲಿಲ್ಲದ ಹೆಸರುಗಳಲ್ಲಿ ಯಾರೋ ಪಾಸ್‌ವರ್ಡ್ ಊಹಿಸುತ್ತಿದ್ದರು. ಮೊದಲ ತಂತ್ರಜ್ಞರು ರೌಟರ್‌ನಲ್ಲಿ ಪೋರ್ಟ್, ಅಂದರೆ ಸಂಪರ್ಕ ಒಳಬರುವ ಸಂಖ್ಯೆಯ ಬಾಗಿಲು, ತೆರೆದು ನೇರವಾಗಿ ಸರ್ವರ್‌ನ ರಿಮೋಟ್ ಡೆಸ್ಕ್‌ಟಾಪ್ ಪೋರ್ಟ್ ಆದ 3389ಕ್ಕೆ ಜೋಡಿಸಿದ್ದರು. ಹೊರಗಿನ ಸಂಖ್ಯೆ ಬೇರೆ ಕೊಟ್ಟಿದ್ದೇನೆ, ಸುರಕ್ಷಿತವಾಗಿದೆ ಎಂದೂ ಹೇಳಿದ್ದರು. ಇಂಟರ್‌ನೆಟ್ ಅನ್ನು ಸದಾ ತಡಕಾಡುವ ಸ್ಕ್ಯಾನರ್‌ಗಳಿಗೆ ಪೋರ್ಟ್ ಸಂಖ್ಯೆ ಬದಲಾದರೆ ಏನೂ ಅಡ್ಡಿಯಿಲ್ಲ. ಅದಕ್ಕಿಂತ ಭಯವಾದದ್ದು, 14 ಮಂದಿಯನ್ನೂ ಅಡ್ಮಿನಿಸ್ಟ್ರೇಟರ್ ಗುಂಪಿಗೆ ಸೇರಿಸಿದ್ದುದು. ಆ ಸಣ್ಣ ಸೂಚನೆ ಎಲ್ಲರಿಗೂ ಕಾಣುತ್ತಿದ್ದುದು ಇದೇ ಕಾರಣಕ್ಕೆ. ಒಬ್ಬರ ದುರ್ಬಲ ಪಾಸ್‌ವರ್ಡ್ ಸಿಕ್ಕಿದ್ದರೂ ಇಡೀ ಸರ್ವರ್, ಅದಕ್ಕೆ ಅಂಟಿಕೊಂಡಿದ್ದ ಬ್ಯಾಕಪ್ ಡಿಸ್ಕ್ ಸಮೇತ, ಪರರ ಪಾಲಾಗುತ್ತಿತ್ತು. ಯಾರೂ ಒಳಗೆ ಬಂದ ಗುರುತು ಸಿಗಲಿಲ್ಲ ಎಂಬುದಷ್ಟೇ ಸಮಾಧಾನ. ಪಾಸ್‌ವರ್ಡ್ ಗಟ್ಟಿಯಿದ್ದರೂ ಸಾಲದು: 2019ರ ಮೇ ತಿಂಗಳಲ್ಲಿ ಬಯಲಾದ ಬ್ಲೂಕೀಪ್ ಎಂಬ ದೋಷ ಹಳೆಯ ವಿಂಡೋಸ್‌ಗಳಲ್ಲಿ ಲಾಗಿನ್‌ಗೂ ಮೊದಲೇ ಒಳನುಗ್ಗಲು ದಾರಿ ಕೊಡುವಂತಿತ್ತು. ಅದರ ಗಾಂಭೀರ್ಯ ಎಷ್ಟಿತ್ತೆಂದರೆ, ಬೆಂಬಲ ನಿಲ್ಲಿಸಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತೇಪೆ ಬಿಡುಗಡೆ ಮಾಡಿತು.

ಈಗ ಆ ಪೋರ್ಟ್ ಮುಚ್ಚಿದೆ. ಹೊರಗಿನಿಂದ ಬರುವವರು ಪಾಸ್‌ವರ್ಡ್ ಜೊತೆಗೆ ಎರಡನೆಯ ದೃಢೀಕರಣವಿರುವ ವಿಪಿಎನ್, ಅಂದರೆ ಕಚೇರಿಯ ಜಾಲಕ್ಕೆ ಗೂಢಲಿಪಿಯ ಖಾಸಗಿ ಸಂಪರ್ಕ, ಅದರ ಮೂಲಕವೇ ಬರಬೇಕು. 443ನೇ ಪೋರ್ಟ್‌ನಲ್ಲಿ ಎಚ್‌ಟಿಟಿಪಿಎಸ್ ಎಂಬ ಸುರಕ್ಷಿತ ವೆಬ್ ಸಂಪರ್ಕದ ಮೂಲಕ ನಡೆಯುವ ಆರ್‌ಡಿ (ರಿಮೋಟ್ ಡೆಸ್ಕ್‌ಟಾಪ್) ಗೇಟ್‌ವೇ ಇನ್ನೊಂದು ಸರಿಯಾದ ದಾರಿ. ಎಲ್ಲರೂ ರಿಮೋಟ್ ಡೆಸ್ಕ್‌ಟಾಪ್ ಯೂಸರ್ಸ್ ಗುಂಪಿನಲ್ಲಿದ್ದಾರೆ, ಅಡ್ಮಿನಿಸ್ಟ್ರೇಟರ್ ಖಾತೆ ಇಬ್ಬರಿಗಷ್ಟೇ ಇದೆ. ತಪ್ಪು ಪಾಸ್‌ವರ್ಡ್ ಹಲವು ಬಾರಿ ಬಂದರೆ ಖಾತೆಗೆ ಬೀಗ ಬೀಳುವ ನಿಯಮವನ್ನೂ ಹಾಕಿದ್ದೇವೆ. ಆದರೆ ಪೋರ್ಟ್ ಮುಚ್ಚದೆ ಇದೊಂದನ್ನೇ ಹಾಕಿದರೆ ದಾಳಿಕೋರರು ಊಹಿಸುವ ಭರದಲ್ಲಿ ನಿಮ್ಮವರ ಖಾತೆಗಳಿಗೇ ಬೀಗ ಹಾಕಿಬಿಡುತ್ತಾರೆ.

ಒಂದೇ ಯೂಸರ್‌ನೇಮ್ ಅನ್ನು ಹಲವರಿಗೆ ಹಂಚಲು ಎಂದಿಗೂ ಒಪ್ಪಬೇಡಿ. ನಮ್ಮಲ್ಲಿ ಮೂವರು ಹಾಗೆ ಬಳಸುತ್ತಿದ್ದರು. ಸರ್ವರ್‌ನ ಮೂಲ ಹೊಂದಿಕೆಯಲ್ಲಿ ಒಂದು ಖಾತೆಗೆ ಒಂದೇ ಸೆಷನ್. ಆದ್ದರಿಂದ ಇನ್ನೊಬ್ಬರು ಲಾಗಿನ್ ಆದೊಡನೆ ಮೊದಲನೆಯವರ ಸಂಪರ್ಕ ಕಡಿದು, ಅವರು ತೆರೆದಿಟ್ಟಿದ್ದ ಪರದೆಯೇ ಬಂದವರಿಗೆ ಸಿಗುತ್ತಿತ್ತು. ಒಮ್ಮೆ ಎಲ್ಲರ ಸಂಬಳದ ಪಟ್ಟಿ ಹೀಗೆ, ಅದನ್ನು ನೋಡಬಾರದವರ ಕಣ್ಣೆದುರು ತೆರೆದುಕೊಂಡಿತು.

ನಿಮ್ಮ ಸರ್ವರ್ ಇಂದು ಸರಾಗವಾಗಿ ನಡೆಯುತ್ತಿದ್ದರೂ ರಿಮೋಟ್ ಡೆಸ್ಕ್‌ಟಾಪ್ ಲೈಸೆನ್ಸಿಂಗ್ ಡಯಾಗ್ನೋಸರ್ ಎಂಬ ಉಪಕರಣವನ್ನು ಈಗಲೇ ತೆರೆದು ನೋಡಿ. ಲೈಸೆನ್ಸಿಂಗ್ ಮೋಡ್ (ಪರ್ ಯೂಸರೋ ಪರ್ ಡಿವೈಸೋ ಎಂಬುದು) ನಿಗದಿಯಾಗಿಲ್ಲ ಎಂದೋ, ಲಭ್ಯವಿರುವ ಲೈಸೆನ್ಸ್ ಸೊನ್ನೆ ಎಂದೋ ಕಂಡರೆ ರೋಲ್ ಹಾಕಿದ ದಿನದಿಂದ 120 ಎಣಿಸಿ. ಅವಧಿ ಆಗಲೇ ಮುಗಿದು ಹೊರಗುಳಿದಿದ್ದರೆ, ರಿಮೋಟ್ ಡೆಸ್ಕ್‌ಟಾಪ್ ತೆರೆಯುವ ಆಜ್ಞೆಯನ್ನು mstsc /admin ಎಂದು ಬರೆದು ಚಾಲೂ ಮಾಡಿದರೆ ಅಡ್ಮಿನಿಸ್ಟ್ರೇಟರ್ ಆಗಿ ಒಳಗೆ ಹೋಗಬಹುದು.